ಖಾನಾವಳಿಯ ಹುಲಿಗೆವ್ವ

ನಾನು ಒಂದು ಅಕಿತಾ ನಾಯಿ. ಹೆಣ್ಣು. ಬೂದು ಮೈಯ ಮೇಲೆ ಕಪ್ಪು ಪಟ್ಟೆಗಳು, ಚಿಕ್ಕ ನಿಂತ ಕಿವಿ, ಬೆನ್ನ ಮೇಲೆ ಸುರುಳಿ ಸುತ್ತಿಕೊಂಡ ಬಾಲ. ಹುಟ್ಟಿದ್ದು ಪಂಚಗಣಿಯ ಗುಡ್ಡದ ಮೇಲೆ, ಒಬ್ಬ ಪಾರ್ಸಿ ಮುದುಕ ಸಾಕುತ್ತಿದ್ದ ನಾಯಿಗಳ ಮನೆಯಲ್ಲಿ. ಕಣ್ಣು ತೆರೆಯುವ ಮೊದಲು ನನಗೆ ಗೊತ್ತಾದದ್ದು ತಾಯಿಯ ಹೊಟ್ಟೆಯ ಬಿಸಿ. ಕಣ್ಣು ತೆರೆದ ಮೇಲೆ ಗೊತ್ತಾದದ್ದು ಮುದುಕನ ಮಾತು. ಮರಿ ಕೊಳ್ಳಲು ಬಂದವರನ್ನು ಕೂರಿಸಿ, ಚಹಾ ಕೊಟ್ಟು, ನಮ್ಮ ಕುಲದ ಕಥೆ ಹೇಳಿ ಮುಗಿಸಿದ ಮೇಲೆಯೇ ಆತ ಮರಿಗಳನ್ನು ತೋರಿಸುತ್ತಿದ್ದ. ನನ್ನ ಹಿರಿಯರ ಸಂಗತಿ ನನಗೆ ತಿಳಿದದ್ದು ಹಾಗೆ.

ಜಪಾನಿನ ಉತ್ತರಕ್ಕೆ ಅಕಿತಾ ಎಂಬ ಸೀಮೆಯಿದೆ. ಚಳಿಗಾಲವೆಲ್ಲ ಹಿಮ. ಅಲ್ಲಿಯ ಬೇಟೆಗಾರರು ಕರಡಿಯ ಜಾಡು ಹಿಡಿದು ಹೊರಟಾಗ ನಮ್ಮ ಹಿರಿಯರು ಮುಂದೆ ನಡೆಯುತ್ತಿದ್ದರು. ಕರಡಿಯನ್ನು ಕೊಲ್ಲುವುದು ನಾಯಿಯ ಕೆಲಸವಲ್ಲ. ಹಿಂದಿನಿಂದ ಮನುಷ್ಯ ಬಂದು ತಲುಪುವವರೆಗೆ ಅದನ್ನು ಇದ್ದಲ್ಲೇ ತಡೆದು ನಿಲ್ಲಿಸುವುದು ಕೆಲಸ. ಅದಕ್ಕೆ ಗಂಟಲಿಗಿಂತ ಎದೆ ಹೆಚ್ಚು ಬೇಕು. ಆಮೇಲೆ ಮಹಾಯುದ್ಧ ಬಂತು. ಮನುಷ್ಯರಿಗೇ ಅನ್ನವಿಲ್ಲದ ಕಾಲ. ಸೈನಿಕರ ಅಂಗಿಗೆಂದು ನಾಯಿಗಳ ಚರ್ಮ ಸುಲಿದರು. ಕೆಲವರು ತಮ್ಮ ನಾಯಿಗಳನ್ನು ದೂರದ ಬೆಟ್ಟದ ಹಳ್ಳಿಗಳಲ್ಲಿ ಬಚ್ಚಿಟ್ಟರು. ತಮ್ಮ ಪಾಲಿನ ಗಂಜಿಯಲ್ಲಿ ಅವಕ್ಕೂ ಕೊಟ್ಟರು. ಯುದ್ಧ ಮುಗಿದಾಗ ಉಳಿದವು ಬಹಳ ಕಡಿಮೆ. "ಇವು ಬಚ್ಚಿಟ್ಟ ನಾಯಿಗಳ ಮಕ್ಕಳು. ಸದ್ದು ಮಾಡುವುದಿಲ್ಲ," ಎಂದು ಮುದುಕ ಹೇಳಿ ಮುಗಿಸುತ್ತಿದ್ದ.

ನನ್ನನ್ನು ಕೊಂಡ ಈರನಗೌಡರು ಆ ಕೊನೆಯ ಮಾತನ್ನು ಕೇಳಿಸಿಕೊಂಡಿರಲಿಲ್ಲ. ಅವರು ಫೋನಿನಲ್ಲಿದ್ದರು.

ಗೌಡರದು ಇಳಕಲ್ ಕಡೆಯಲ್ಲಿ ಕೆಂಪು ಕಲ್ಲಿನ ಕ್ವಾರಿ. ಕಲ್ಲಿಗೆ ಹೊಳಪು ಕೊಡುವ ಶೆಡ್ಡಿನ ಮುಂದೆ ನನ್ನನ್ನು ಕಬ್ಬಿಣದ ಸರಪಳಿಯಲ್ಲಿ ಕಟ್ಟಿದರು. ಮೈಮೇಲಿನ ಪಟ್ಟೆ ನೋಡಿ ಟೈಗರ್ ಎಂದು ಹೆಸರಿಟ್ಟರು. ನಾನು ಹೆಣ್ಣೆಂಬುದು ಅವರಿಗೆ ಅಡ್ಡಿಯಾಗಲಿಲ್ಲ. ಯಾರೇ ಬಂದರೂ ನನ್ನ ಮುಂದೆ ಕರೆತಂದು ನಿಲ್ಲಿಸುತ್ತಿದ್ದರು. ಬಂದವರು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದರು. ನಮ್ಮಲ್ಲಿ ಹಾಗೆ ನೋಡುವುದು ಜಗಳಕ್ಕೆ ಕರೆದಂತೆ. ನಾನು ಜಗಳ ಬೇಡವೆಂದು ಮುಖ ತಿರುಗಿಸುತ್ತಿದ್ದೆ.

"ಗೌಡ್ರ, ಇದಕ್ಕ ಬಾಯಿ ಐತೋ ಇಲ್ಲೋ?" ಎಂದು ಒಬ್ಬ ಲಾರಿ ಮಾಲೀಕ ಕೇಳಿದ.

"ಐತೋ ಮಾರಾಯ, ಉಣ್ಣಾಕಷ್ಟ," ಎಂದರು ಗೌಡರು. ಎಲ್ಲರೂ ನಕ್ಕರು. ಗೌಡರು ಮಾತ್ರ ಪೂರ್ತಿ ನಗಲಿಲ್ಲ.

ಅವರು ಕೆಟ್ಟವರಲ್ಲ. ಮೊದಲ ಬೇಸಿಗೆಯಲ್ಲಿ ನಾನು ನಾಲಗೆ ಚಾಚಿ ಬಿದ್ದಿದ್ದನ್ನು ಕಂಡು ಅವರಿಗೆ ಕನಿಕರ ಬಂತು. "ಪಾಪ, ಕಂಬಳಿ ಹೊತಗೊಂಡ ಕುಂತೈತಿ" ಎಂದು ಕುರಿಯ ಉಣ್ಣೆ ಕತ್ತರಿಸುವವನನ್ನು ಕರೆಸಿದರು. ಆತ ನಾಲ್ಕು ಕಾಲು ಕಟ್ಟಿ ಕೆಡವಿ, ಕುರಿಗೆ ಮಾಡುವ ಹಾಗೆಯೇ ನನ್ನ ತುಪ್ಪಳವನ್ನೆಲ್ಲ ಕತ್ತರಿಸಿ ಹಾಕಿದ. ನಮಗೆ ಎರಡು ಪದರ ಕೂದಲು. ಒಳಗಿನದು ಹತ್ತಿಯಂಥದು, ಬಿಸಿಲು ಬಂದಾಗ ತಾನೇ ಉದುರುತ್ತದೆ. ಹೊರಗಿನದು ಒರಟು; ಅದು ಬಿಸಿಲಿಗೆ ಕೊಡೆ. ಬೇಕಾದದ್ದು ಬಾಚಣಿಕೆ, ನೆರಳು, ನೀರು. ಕೊಡೆಯೇ ಹೋದ ಮೇಲೆ ಬೆನ್ನು ಸುಟ್ಟು ಚರ್ಮ ಎದ್ದಿತು. ಮತ್ತೆ ಕೂದಲು ಮೊದಲಿನ ಹಾಗೆ ಬರಲು ಬಹಳ ಕಾಲ ಹಿಡಿಯಿತು. ಸೊಂಟದ ಹತ್ತಿರ ಇಂದಿಗೂ ತೆಳ್ಳಗಿದೆ. ಗೌಡರು ಕೊಬ್ಬರಿ ಎಣ್ಣೆ ತಂದು ತಾವೇ ಹಚ್ಚಿದರು. ಹಚ್ಚುವಾಗ ನಾನು ಕುಂಯ್ ಎನ್ನಲಿಲ್ಲ. ಆದ್ದರಿಂದ ನೋವಿಲ್ಲ ಎಂದುಕೊಂಡರು.

ಒಂದು ಮಧ್ಯಾಹ್ನ ಯಾರೋ ಬಂದು ಶೆಡ್ಡಿನ ಮೋಟಾರಿನ ತಾಮ್ರದ ತಂತಿ ಬಿಚ್ಚಿಕೊಂಡು ಹೋದರು. ನಾನು ಎದ್ದು ನಿಂತೆ, ಸರಪಳಿ ಬಿಗಿಯುವಷ್ಟು ಮುಂದೆ ಹೋದೆ. ಅಲ್ಲಿಗೆ ನನ್ನ ಕೆಲಸ ಮುಗಿಯಿತು. ಅಡ್ಡಗಟ್ಟುವ ನಾಯಿಯನ್ನು ಕಟ್ಟಿಹಾಕಿ ಕೂಗುವ ನಾಯಿಯ ಕೆಲಸ ಕೊಟ್ಟಿದ್ದರು. ಆ ವಾರವೇ ಗೌಡರು ನನ್ನನ್ನು ಜೀಪಿಗೆ ಹತ್ತಿಸಿದರು. ಯಾರಿಗೆ ಕೊಡಬೇಕೆಂದು ಅವರಿಗೂ ತಿಳಿದಿರಲಿಲ್ಲ. ದಾರಿಯಲ್ಲಿ ಊಟಕ್ಕೆಂದು ಹಿರೇಬಾವಿಯ ಖಾನಾವಳಿಯ ಮುಂದೆ ನಿಲ್ಲಿಸಿದರು.

ಹಿರೇಬಾವಿ ಹೆದ್ದಾರಿಯ ಮೇಲಿನ ಊರು. ಬಸ್ ನಿಲ್ದಾಣದ ಎದುರಿನ ಆ ಖಾನಾವಳಿಯನ್ನು ದಾನಮ್ಮ ಮತ್ತು ಸಂಗವ್ವ ಎಂಬ ನೆಗೆಣ್ಣಿಯರು ನಡೆಸುತ್ತಿದ್ದರು. ಅಣ್ಣ ತಮ್ಮಂದಿರಾದ ಅವರ ಗಂಡಂದಿರು ಲಾರಿಯ ಮೇಲೆ ಊರೂರು ತಿರುಗುವವರು. ಸಂಗವ್ವ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವಳು. ದಾನಮ್ಮ ಪಲ್ಯ, ಝುಣಕ ಮಾಡಿ ಎಲ್ಲರಿಗೂ ಬಡಿಸುವಳು. ಜೀಪಿನಲ್ಲಿ ಕುಳಿತಿದ್ದ ನನ್ನನ್ನು ದಾನಮ್ಮ ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು.

"ಎಲ್ಲಿಗಿ ಒಯ್ತೀರಿ ಇದನ್ನ?"

"ಎಲ್ಲಿಗರ ಬಿಡೂನಂತ. ಬೊಗಳಂಗಿಲ್ಲ ಯವ್ವಾ ಇದು. ನಾಯಿ ಅಲ್ಲ, ಸ್ವಾಮಿ ಐತಿ."

"ಇಲ್ಲೆ ಬಿಟ್ಟ ಹೋಗ್ರಿ. ನಮ್ಮಲ್ಲಿ ಒದರಾಕ ಸಂಗವ್ವ ಅದಾಳ."

ಒಳಗಿನಿಂದ ಸಂಗವ್ವ ಏನೋ ಬೈದಳು. ಗೌಡರು ಬಹಳ ದಿನಗಳ ಮೇಲೆ ಬಾಯಿತುಂಬ ನಕ್ಕು, ಸರಪಳಿಯನ್ನು ಬಿಚ್ಚಿ ಜೀಪಿನಲ್ಲೇ ಇಟ್ಟುಕೊಂಡು, ನನ್ನನ್ನು ಬಿಟ್ಟು ಹೋದರು.

ದಾನಮ್ಮ ನನಗೆ ಹುಲಿಗೆವ್ವ ಎಂದು ಹೆಸರಿಟ್ಟಳು. ಮೊದಲ ಕೆಲವು ದಿನ ನನ್ನನ್ನು ಮುಟ್ಟಲೇ ಇಲ್ಲ. ಊಟದ ಗದ್ದಲ ಇಳಿದ ಮೇಲೆ ಹಿತ್ತಿಲ ಬಾಗಿಲಲ್ಲಿ ನನ್ನಿಂದ ಒಂದು ಮಾರು ದೂರ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ನನ್ನ ಕಡೆ ನೋಡುತ್ತಿರಲಿಲ್ಲ. ನಮ್ಮಂಥವರನ್ನು ಗೆಲ್ಲಲು ಅದಕ್ಕಿಂತ ಒಳ್ಳೆಯ ದಾರಿಯಿಲ್ಲ. ಅವಳಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಒಂದು ದಿನ ನಾನೇ ಎದ್ದು ಹೋಗಿ ಅವಳ ಮಗ್ಗುಲಲ್ಲಿ ಬಿದ್ದುಕೊಂಡೆ. ಅಂದಿನಿಂದ ನಾನು ಅವಳವಳು. ವರ್ಷಕ್ಕೆರಡು ಸಲ ಒಳಗೂದಲು ಉದುರುವಾಗ ಅವಳು ತನ್ನ ಹಳೆಯ ಬಾಚಣಿಕೆಯಿಂದ ಬಾಚುತ್ತಿದ್ದಳು. "ಇದರ ತುಪ್ಪಳಾ ಕೂಡಿಸಿದ್ರ ಒಂದ ಗಾದಿ ಆಕ್ಕೈತಿ ನೋಡ," ಎಂದು ಸಂಗವ್ವ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಬೇರೆ ಹೆಣ್ಣು ನಾಯಿಗಳನ್ನು ನಾನು ಹಿತ್ತಿಲಿಗೆ ಬಿಟ್ಟುಕೊಳ್ಳಲಿಲ್ಲ. ಅದೊಂದು ಸೊಕ್ಕು ನನ್ನಲ್ಲಿತ್ತು. ಉಳಿದಂತೆ ನನ್ನಿಂದ ಯಾರಿಗೂ ತೊಂದರೆಯಿರಲಿಲ್ಲ.

ಮೊದಲ ವರ್ಷ ನನಗೆ ಸಿಗುತ್ತಿದ್ದುದು ರೊಟ್ಟಿ ಮತ್ತು ಹಾಲು, ಹಿತ್ತಿಲಿನ ಮಣ್ಣಿನ ಬೋಗುಣಿಯಲ್ಲಿ. ಎರಡನೆಯ ವರ್ಷ ಹಾಲಿನ ಬದಲು ಬೇಳೆಯ ಸಾರು ಬಂತು, ಬೋಗುಣಿಯ ಬದಲು ಸ್ಟೀಲಿನ ತಟ್ಟೆ. ಪ್ರೀತಿ ಹೆಚ್ಚಿದಂತೆ ನಾನು ಮನುಷ್ಯರ ಊಟದ ಕಡೆಗೆ ಬಡ್ತಿ ಪಡೆಯುತ್ತ ಹೋದೆ. ಕೊನೆಗೆ ದಾನಮ್ಮನ ಕೈಯ ಝುಣಕ ಬಂತು. ಆ ಸೀಮೆಯಲ್ಲಿ ಅದಕ್ಕೆ ಹೆಸರಿತ್ತು. ಬಸ್ಸಿನ ಕಂಡಕ್ಟರುಗಳು ಅದಕ್ಕಾಗಿ ಐದು ನಿಮಿಷ ತಡಮಾಡಿ ಬೈಸಿಕೊಳ್ಳುತ್ತಿದ್ದರು. ಎಣ್ಣೆಯಲ್ಲಿ ಹೆಚ್ಚಿದ ಉಳ್ಳಾಗಡ್ಡಿಯನ್ನು ಬೊಗಸೆಗಟ್ಟಲೆ ಹಾಕಿ, ಕೆಂಪಗೆ ಹುರಿದು, ಮೇಲೆ ಕಡಲೆಹಿಟ್ಟು ಸುರಿದು ತಿರುವುತ್ತಿದ್ದಳು. ಬಾಣಲೆಯ ತಳ ಹಿಡಿದ ಝುಣಕವೇ ಎಲ್ಲಕ್ಕಿಂತ ರುಚಿ. ಮೊದಲು ಅದಕ್ಕಾಗಿ ಸಂಗವ್ವನೂ ಅವಳೂ ಜಗಳವಾಡುತ್ತಿದ್ದರು. ಈಗ ಅದು ನನ್ನ ಪಾಲಾಯಿತು.

"ಕಟಗೊಂಡ ಗಂಡಗೂ ಹಿಂಗ ಮಾಡಿಲ್ಲ ನೀ," ಎಂದಳು ಸಂಗವ್ವ.

"ಗಂಡ ಬಾಗಲಾ ಕಾಯ್ತಾನೇನ?" ಎಂದಳು ದಾನಮ್ಮ.

ಮುಂದಿನ ವರ್ಷ ಉಳ್ಳಾಗಡ್ಡಿಯ ಬೆಳೆ ಎಲ್ಲೆಲ್ಲೂ ಭರ್ತಿ ಬಂತು. ಊಟಕ್ಕೆ ಬಂದ ರೈತರು ಹೋಗುವಾಗ ಒಂದೊಂದು ಚೀಲ ಇಳಿಸಿ ಹೋಗುತ್ತಿದ್ದರು. ಖಾನಾವಳಿಯ ಪ್ರತಿ ಪದಾರ್ಥದಲ್ಲೂ ಉಳ್ಳಾಗಡ್ಡಿ. ಆ ಕಾಲದಲ್ಲೇ ನನ್ನ ಕಾಲುಗಳು ಭಾರವಾಗತೊಡಗಿದವು. ಹಿತ್ತಿಲಿನ ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ಉಸಿರು ಸಿಗುತ್ತಿರಲಿಲ್ಲ. ಆದರೂ ದಾನಮ್ಮ ಬಂದಾಗ ಎದ್ದು ನಿಲ್ಲುತ್ತಿದ್ದೆ. ನೋವು ತೋರಿಸದಿರುವುದು ನಮ್ಮ ಕುಲದ ಗುಣ. ಬೆಟ್ಟದಲ್ಲಿ ಅದು ಗುಣ, ಮನೆಯಲ್ಲಿ ಅದೇ ದೋಷ. ನನ್ನ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ ದಿನವೇ ಅವಳಿಗೆ ಸಂಶಯ ಬಂದದ್ದು.

ಊರಿನ ದನದ ಆಸ್ಪತ್ರೆಯ ಡಾಕ್ಟರ್ ನಸೀಮಾ ಮುಜಾವರ. ವಯಸ್ಸಿನಲ್ಲಿ ಚಿಕ್ಕವಳು, ಕೆಲಸದಲ್ಲಿ ನಿಧಾನಿ. ನನ್ನ ತುಟಿ ಎತ್ತಿ ನೋಡಿದಳು. ವಸಡು ಸುಣ್ಣದ ಹಾಗೆ ಬಿಳುಪಾಗಿತ್ತು. ಉಣುಗು ಕಚ್ಚಿ ಬರುವ ಜ್ವರವಿರಬಹುದೆಂದು ಅದಕ್ಕೆ ಸೂಜಿ ಚುಚ್ಚಿದಳು. ಗುಣವಾಗಲಿಲ್ಲ. ಆಗ ರಕ್ತ ತೆಗೆದು, ಚಿಕ್ಕ ಬಾಟಲಿಯಲ್ಲಿ ಹಾಕಿ, ಬಸ್ಸಿನಲ್ಲಿ ಜಿಲ್ಲಾ ಕೇಂದ್ರದ ಲ್ಯಾಬಿಗೆ ಕಳಿಸಿದಳು. ಬಸ್ಸು ಊರೂರು ನಿಂತು ಹೋಗುವಂಥದು. ಬಾಟಲಿ ತಲುಪಿ ಪರೀಕ್ಷೆಗೆ ಸೇರುವಷ್ಟರಲ್ಲಿ ಮರುದಿನವಾಗಿತ್ತು.

ವರದಿ ಬಂದ ದಿನ ಡಾಕ್ಟರು ತಾನೇ ಖಾನಾವಳಿಗೆ ಬಂದಳು. ನಾನು ಮೇಜಿನ ಕೆಳಗೆ ಮಲಗಿದ್ದೆ. ಅವಳ ಚಪ್ಪಲಿ ಬಹಳ ಹೊತ್ತು ಅಲುಗಾಡಲಿಲ್ಲ.

"ಅಕ್ಕಾರ, ರಕ್ತ ಭಾಳ ಕಡಿಮಿ ಆಗೇತಿ. ಅದರಕಿಂತ ಕೆಟ್ಟದ್ದು ಇನ್ನೊಂದ ಐತಿ. ರಕ್ತದಾಗ ಪೊಟ್ಯಾಸಿಯಂ ಅಂತ ಒಂದು ಲವಣ ಇರ್ತೈತಿ. ಇದಕ್ಕ ಇರಬೇಕಾದ್ದಕ್ಕಿಂತ ಎರಡರಷ್ಟ ಐತಿ. ಕಿಡ್ನಿ ಕೈ ಬಿಟ್ಟಂಗ ಕಾಣತೈತಿ. ಹಿಂಗಿದ್ರ ಎದಿ ಯಾವಾಗ ಬೇಕಾದ್ರೂ ನಿಂದರಬಹುದು."

"ಔಷಧ?"

"ಈ ಮಟ್ಟಕ್ಕ ಹೋದ ಮ್ಯಾಲ... ಒದ್ದಾಡಿಸೂದಕಿಂತ ಮಲಗಿಸೂದು ಚಲೋ ಅನಸ್ತೈತಿ ನನಗ."

ದಾನಮ್ಮನಿಗೆ 'ಮಲಗಿಸುವುದು' ಎಂದರೆ ಏನೆಂದು ತಿಳಿಯಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿಕೊಂಡಳು. "ನಾಳೆ ಸೋಮಾರ. ದೇವರ ವಾರ. ಬ್ಯಾಡ್ರಿ. ಮಂಗಳಾರ ಬರ್ರಿ," ಎಂದಳು.

ಸುದ್ದಿ ತಿಳಿದು ಈರನಗೌಡರು ಬಂದರು. ಕ್ವಾರಿಯ ಬದಿಯಲ್ಲಿ ಬೇವಿನ ಮರದ ಕೆಳಗೆ ಜಾಗ ತೋಡಿಸುತ್ತೇನೆ, ಮೇಲೊಂದು ಒಳ್ಳೆಯ ಕಲ್ಲು ಇಡಿಸುತ್ತೇನೆ ಎಂದರು. "ಜೀವಂತ ಐತ್ರಿ ಇನ್ನಾ," ಎಂದಳು ದಾನಮ್ಮ. ಗೌಡರು ತಲೆ ತಗ್ಗಿಸಿ ನನ್ನ ಬೆನ್ನಿನ ಮೇಲೆ, ಆ ತೆಳ್ಳಗಿನ ಕೂದಲಿನ ಜಾಗದಲ್ಲಿ ಕೈಯಿಟ್ಟು ಸ್ವಲ್ಪ ಹೊತ್ತು ಕುಳಿತಿದ್ದು ಹೋದರು.

ಮೂರು ನಾಲ್ಕು ದಿನಗಳಿಂದ ನಾನು ಬರೀ ನೀರು ಕುಡಿಯುತ್ತಿದ್ದೆ. ಊಟದ ಮೇಲೆ ಮನಸ್ಸಿರಲಿಲ್ಲ. ಮಂಗಳವಾರ ಬೆಳಗ್ಗೆ ದಾನಮ್ಮ ಗಿರಾಕಿಗಳಿಗಿಂತ ಮೊದಲು ನನಗಾಗಿ ಹೊಸದಾಗಿ ಒಲೆ ಹಚ್ಚಿದಳು. ಉಳ್ಳಾಗಡ್ಡಿ ಹೆಚ್ಚುವಾಗ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು. ಆ ದಿನ ಅದು ಉಳ್ಳಾಗಡ್ಡಿಯದೋ ಬೇರೆಯದೋ ಯಾರೂ ಕೇಳಲಿಲ್ಲ. ಬಾಣಲೆಯ ತಳ ಹಿಡಿಯುವ ತನಕ ಕಾದು, ಆ ಭಾಗವನ್ನೇ ಕೆರೆದು ತಂದು ನನ್ನ ಮುಂದಿಟ್ಟಳು.

"ಉಣ್ಣ ಯವ್ವಾ. ಒಂದ ತುತ್ತ ಉಣ್ಣ. ಖಾಲಿ ಹೊಟ್ಟಿಲೆ ಹೋಗಬ್ಯಾಡ."

ನನಗೆ ಹಸಿವಿರಲಿಲ್ಲ. ಅವಳ ದನಿಗಾಗಿ ತಿಂದೆ. ಎರಡು ತುತ್ತು ತಿನ್ನುವಷ್ಟರಲ್ಲಿ ಡಾಕ್ಟರು ಬಂದಳು.

ಅವಳು ಚೀಲದಿಂದ ಸೂಜಿ ತೆಗೆಯಲಿಲ್ಲ. ನಾನು ಬಾಯಾಡಿಸುವುದನ್ನು ನೋಡುತ್ತ ನಿಂತಳು. ಆಮೇಲೆ ನೆಲದ ಮೇಲೆ ಕುಳಿತು, ಕೊಳವೆಯನ್ನು ಕಿವಿಗೆ ಸಿಕ್ಕಿಸಿಕೊಂಡು, ನನ್ನ ಎದೆಯ ಮೇಲಿಟ್ಟಳು. ತೆಗೆದಳು. ಮತ್ತೆ ಇಟ್ಟಳು.

"ಅಕ್ಕಾರ, ಇದರ ಎದಿ ಜೋರ್ ಬಡಕೊಳ್ಳಾಕತ್ತೈತಿ, ಖರೆ. ರಕ್ತ ಕಡಿಮಿ ಐತಿ, ಬಡಕೋಬೇಕ. ಆದ್ರ ತಾಳ ತಪ್ಪಿಲ್ಲ. ಅಷ್ಟ ಪೊಟ್ಯಾಸಿಯಂ ಇದ್ದಿದ್ರ ತಪ್ಪಬೇಕಿತ್ತು." ಕೊಳವೆಯನ್ನು ಕೊರಳಿಗೆ ಇಳಿಸಿಕೊಂಡು, "ಕಿಡ್ನಿದು ಉಳಿದ ಅಂಕಿ ಅಷ್ಟ ಕೆಟ್ಟಿರಲಿಲ್ಲ. ಅವತ್ತ ನಾ ಅದನ್ನ ನೋಡೀನೂ ಲಕ್ಷ್ಯ ಕೊಡಲಿಲ್ಲ," ಎಂದಳು.

"ಅಂದ್ರ?"

"ಅಂದ್ರ, ಕಾಗದ ಒಂದ ಹೇಳಾಕತ್ತೈತಿ, ನಾಯಿ ಒಂದ ಹೇಳಾಕತ್ತೈತಿ. ಊಟದ ಹೊತ್ತಿನ ತನಕಾ ತಡೀರಿ."

ಅವಳು ಮತ್ತೆ ರಕ್ತ ತೆಗೆದಳು. ಈ ಸಲ ಬಸ್ಸಿಗೆ ಕೊಡಲಿಲ್ಲ. ಕೂಡಲೇ ಆಸ್ಪತ್ರೆಗೆ ಒಯ್ದು, ಯಂತ್ರದಲ್ಲಿ ತಿರುಗಿಸಿ, ಕೆಂಪು ಕಣಗಳನ್ನು ಕೆಳಗೆ ಬಿಟ್ಟು ಮೇಲಿನ ತಿಳಿಯನ್ನು ಬೇರೆ ಮಾಡಿ, ಆ ತಿಳಿಯನ್ನು ಊರೊಳಗಿನ ಮನುಷ್ಯರ ಲ್ಯಾಬಿಗೆ ತಾನೇ ಹೊತ್ತುಕೊಂಡು ಹೋದಳು. ಅಲ್ಲಿಯವನು ಹೆಸರು ಕೇಳಿದನಂತೆ. ಹುಲಿಗೆವ್ವ ಎಂದಳಂತೆ. ವಯಸ್ಸು? ಆರು. "ಸಣ್ಣ ಕೂಸಿಗೆ ಹಳೇ ಹೆಸರು ಇಟ್ಟಾರಲ್ರಿ" ಎಂದನಂತೆ ಅವನು.

ದಾನಮ್ಮ ಆ ದಿನ ಏನು ಬಡಿಸಿದಳೆಂದು ಅವಳಿಗೇ ನೆನಪಿಲ್ಲ. ರೊಟ್ಟಿ ಕೇಳಿದವರಿಗೆ ನೀರು ಕೊಟ್ಟಳು. ನೀರು ಕೇಳಿದವರನ್ನು ಸುಮ್ಮನೆ ನೋಡಿದಳು. ಡಾಕ್ಟರು ಬಂದಾಗ ಸಾಲಿನಲ್ಲಿ ಕುಳಿತು ಉಣ್ಣುತ್ತಿದ್ದವರೂ ಕೈ ತಡೆದರು.

"ಸರಿ ಐತಿ," ಎಂದಳು ಡಾಕ್ಟರು. ಏದುಸಿರು ಬಿಡುತ್ತಿದ್ದಳು. "ಪೊಟ್ಯಾಸಿಯಂ ಸರಿ ಐತಿ ಅಕ್ಕಾರ. ಕಿಡ್ನಿ ಸರಿ ಐತಿ. ಸೂಜಿ ಇಲ್ಲ."

ಅವಳು ತನ್ನ ಕಾಲೇಜಿನ ಗುರುಗಳಿಗೆ ಫೋನು ಮಾಡಿದ್ದಳು. ಅವರು ಕೇಳಿದ ಮೊದಲ ಪ್ರಶ್ನೆ, ನಾಯಿ ಯಾವ ಜಾತಿಯದು ಎಂದು. ಅವರು ತಿಳಿಸಿದ್ದನ್ನು ಅವಳು ದಾನಮ್ಮನಿಗೆ ಬಿಡಿಸಿ ಹೇಳಿದಳು. ಮೇಜಿನ ಕೆಳಗಿನಿಂದ ನಾನೂ ಕೇಳಿದೆ. ಬೇರೆ ನಾಯಿಗಳ ಕೆಂಪು ರಕ್ತಕಣದೊಳಗೆ ಪೊಟ್ಯಾಸಿಯಂ ಸ್ವಲ್ಪವೇ ಇರುತ್ತದೆ. ಜಪಾನಿನ ನಾಯಿಗಳಲ್ಲಿ ಹಲವಕ್ಕೆ, ಅದರಲ್ಲೂ ಅಕಿತಾಗಳಿಗೆ, ಕಣದ ತುಂಬ ಇರುತ್ತದೆ. ಮೈಯೊಳಗೆ ಅದು ಕಣದಲ್ಲೇ ಭದ್ರವಾಗಿರುತ್ತದೆ, ಏನೂ ಕೇಡು ಮಾಡುವುದಿಲ್ಲ. ಬಾಟಲಿಯಲ್ಲಿ ಹೊತ್ತು ಕಳೆದಂತೆ ಕಣಗಳಿಂದ ಹೊರಗೆ ಸೋರುತ್ತದೆ. ವರದಿಯಲ್ಲಿ ಸಾವು ಎಂದು ಬರೆದದ್ದು ನನ್ನೊಳಗೆ ನಡೆದದ್ದಲ್ಲ. ಬಸ್ಸಿನಲ್ಲಿ, ಬಾಟಲಿಯೊಳಗೆ ನಡೆದದ್ದು.

"ಹಂಗಾರ ರಕ್ತ ಯಾಕ ಕಡಿಮಿ ಆತು?" ಎಂದು ಕೇಳಿದಳು ಸಂಗವ್ವ.

ಡಾಕ್ಟರು ನನ್ನ ತಟ್ಟೆಯ ಕಡೆ ನೋಡಿದಳು. ಬೆಳಗಿನ ಝುಣಕ ಅದರಲ್ಲಿ ಇನ್ನೂ ಉಳಿದಿತ್ತು. ಬಗ್ಗಿ, ಒಂದು ಚೂರು ಕೆಂಪಗಾದ ಉಳ್ಳಾಗಡ್ಡಿಯನ್ನು ಎರಡು ಬೆರಳಿನಲ್ಲಿ ಎತ್ತಿದಳು.

"ಇದನ್ನ ದಿನಾ ಕೊಡ್ತೀರೇನ್ರಿ?"

"ದಿನಾ," ಎಂದಳು ದಾನಮ್ಮ. ಹೆಮ್ಮೆಯಿಂದಲೇ ಹೇಳಿದಳು. ಹೇಳಿ ಮುಗಿಸುವಷ್ಟರಲ್ಲಿ ಡಾಕ್ಟರ ಮುಖ ನೋಡಿದಳು.

ಉಳ್ಳಾಗಡ್ಡಿ ಯಾವ ನಾಯಿಗೂ ಆಗದು, ಅದು ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ, ಹುರಿದರೂ ಬೇಯಿಸಿದರೂ ಆ ಗುಣ ಹೋಗುವುದಿಲ್ಲ, ನನ್ನಂಥ ರಕ್ತದ ನಾಯಿಗಳಲ್ಲಿ ಇನ್ನೂ ಬೇಗ ಒಡೆಯುತ್ತದೆ ಎಂದು ಡಾಕ್ಟರು ಆದಷ್ಟು ಮೆತ್ತಗೆ ಹೇಳಿದಳು. ಬೆಳ್ಳುಳ್ಳಿಯೂ ಬೇಡ ಎಂದಳು. "ನಿಮಗ ಗೊತ್ತಿರಲಿಲ್ಲ. ನನಗೂ ಕೇಳಬೇಕಂತ ಹೊಳೀಲಿಲ್ಲ. ಮೊದಲ ದಿನಾನ ಕೇಳಬೇಕಿತ್ತು," ಎಂದಳು. ದಾನಮ್ಮ ಅಳಲಿಲ್ಲ. ತಟ್ಟೆಯನ್ನು ಎತ್ತಿಕೊಂಡು ಹೋಗಿ, ತಿಕ್ಕಿ ತಿಕ್ಕಿ ತೊಳೆದು, ಗೋಡೆಯ ಹಲಗೆಯ ಮೇಲೆ ಕವುಚಿ ಇಟ್ಟಳು. ಅವಳ ಪಾದಗಳು ನನ್ನನ್ನು ದಾಟಿ ಹೋದವು, ನಿಲ್ಲಲಿಲ್ಲ.

ಬದುಕುವುದು ನಿಶ್ಚಯವಾಗಿರಲಿಲ್ಲ. ಹೊಸ ರಕ್ತ ಹುಟ್ಟಬೇಕು, ಅದಕ್ಕೆ ನಾನು ಉಣ್ಣಬೇಕು. ಉಂಡರೆ ಉಳಿಯುತ್ತದೆ ಎಂದಿದ್ದಳು ಡಾಕ್ಟರು. ದಾನಮ್ಮ ನನಗೆ ಉಣಿಸುವುದನ್ನು ಬಿಟ್ಟಳು. ಬೇರೆ ಪಾತ್ರೆಯಲ್ಲಿ ಬರೀ ಅನ್ನ, ಬೇಳೆ ಬೇಯಿಸಿ ಇಡುವಳು. ತಂದು ಹಾಕುವುದು ಸಂಗವ್ವ. ನಾನು ಮೂಸಿ ಮುಖ ತಿರುಗಿಸುತ್ತಿದ್ದೆ. ಹಟವಲ್ಲ. ನಾಲ್ಕು ವರ್ಷ ಒಂದೇ ಕೈಯಿಂದ ಉಂಡ ಮೇಲೆ ಇನ್ನೊಂದು ಕೈಯಿಂದ ಬಂದದ್ದು ಊಟ ಎಂದು ನನಗೆ ತಿಳಿಯುತ್ತಿರಲಿಲ್ಲ. ನಮ್ಮ ಕುಲವನ್ನು ಹೊಗಳುವವರು ಇದನ್ನು ನಿಷ್ಠೆ ಎನ್ನುತ್ತಾರೆ. ಆಗ ಅದು ನನ್ನನ್ನು ಕೊಲ್ಲುವುದರಲ್ಲಿತ್ತು.

ಸಂಗವ್ವ ಒಂದು ದಿನ ತಟ್ಟೆಯನ್ನು ದಾನಮ್ಮನ ಮುಂದೆ ಕುಕ್ಕಿದಳು. "ತಗೋ! ನನ್ನ ಕೈಲೆ ಉಣ್ಣಂಗಿಲ್ಲ ನಿನ್ನ ಮಗಳು!"

"ನಾ ಮುಟ್ಟಂಗಿಲ್ಲ. ನನ್ನ ಕೈ ವಿಷ ಐತಿ."

"ಹೌದ? ಊರ ಮಂದಿ ಎಲ್ಲಾ ಇಷ್ಟ ವರ್ಷ ಆ ಕೈಲೇ ಉಂಡೈತಿ. ಎಷ್ಟ ಹೆಣಾ ಬಿದ್ದಾವ ತೋರಸ." ಸಂಗವ್ವ ದನಿ ಇಳಿಸಿದಳು. "ಅಕ್ಕಾ, ಆಗ ಗೊತ್ತಿಲ್ಲದ ಕೊಟ್ಟಿ. ಈಗ ಗೊತ್ತಿದ್ದೂ ಕೊಡದಿದ್ರ ಅದಕ್ಕೇನಂತಾರ?"

ಸಂಗವ್ವ ಒಲೆಯ ಕಡೆ ಹೋದಳು. ದಾನಮ್ಮ ಕೈ ತೊಳೆದಳು. ಸೋಪು ಹಚ್ಚಿ ಮತ್ತೊಮ್ಮೆ ತೊಳೆದಳು. ತಟ್ಟೆ ಹಿಡಿದು ಬಂದು ನನ್ನ ಮುಂದೆ ಕುಳಿತಳು. ಅನ್ನವನ್ನು ಕಲಸಿ ಒಂದು ತುತ್ತು ಮಾಡಿ, ನನ್ನ ಕಡೆ ಚಾಚಿ, ಹಿಂದಕ್ಕೆ ತೆಗೆದುಕೊಂಡಳು. ಆ ತುತ್ತನ್ನು ತನ್ನ ಬಾಯಿಗೆ ಹಾಕಿಕೊಂಡಳು. ಉಪ್ಪಿಲ್ಲದ, ಒಗ್ಗರಣೆಯಿಲ್ಲದ ಆ ಅನ್ನವನ್ನು ನಿಧಾನವಾಗಿ ಅಗಿದು ನುಂಗಿದಳು. ತನಗೆ ಏನಾದರೂ ಆಗುತ್ತದೆಯೋ ಎಂದು ಕಾದಳು. ಆಮೇಲೆ ಎರಡನೆಯ ತುತ್ತನ್ನು ನನ್ನ ಬಾಯಿಯ ಹತ್ತಿರ ತಂದಳು. ನಾನು ತಿಂದೆ.

ಆ ತಿಂಗಳ ಕೊನೆಗೆ ನನ್ನ ವಸಡಿಗೆ ಬಣ್ಣ ಬಂತು.

ಇದೆಲ್ಲ ಆಗಿ ವರ್ಷಗಳಾದವು. ಈಗ ನನಗೆ ಮುಪ್ಪು. ಒಂದು ಕಣ್ಣು ಮಸುಕಾಗಿದೆ, ಹಿಂಗಾಲು ಗಟ್ಟಿಯಿಲ್ಲ, ಹಲ್ಲು ಕೆಲವೇ ಉಳಿದಿವೆ. ಹಿತ್ತಿಲ ಬಾಗಿಲಿನ ಮೂಲೆಯಲ್ಲಿ, ಗೋಣಿಚೀಲದ ಮೇಲೆ ನನ್ನ ದಿನ ಕಳೆಯುತ್ತದೆ. ಡಾಕ್ಟರಿಗೆ ಬೇರೆ ಊರಿಗೆ ವರ್ಗವಾಯಿತು. ಹೋಗುವ ಮುಂಚೆ ಬಂದು ನನ್ನ ಎದೆಯ ಮೇಲೆ ಸುಮ್ಮನೆ ಕೊಳವೆಯಿಟ್ಟು ಕೇಳಿ ಹೋದಳು. ಮಲಗಿ ಮಲಗಿ ನಾನು ಯೋಚಿಸುತ್ತೇನೆ. ನನ್ನನ್ನು ಕತ್ತರಿಸಿದ್ದು ಕನಿಕರ, ಕೊಲ್ಲಲು ಬಂದದ್ದು ಪ್ರೀತಿ. ಇಬ್ಬರಿಗೂ ನನ್ನ ಮೇಲೆ ಮನಸ್ಸಿತ್ತು, ನಾನು ಯಾರೆಂದು ಮಾತ್ರ ಗೊತ್ತಿರಲಿಲ್ಲ. ಹೇಳಲು ನನಗೆ ಬಾಯಿರಲಿಲ್ಲ.

ದಾನಮ್ಮ ಇಂದಿಗೂ ನನ್ನ ಊಟದ ಮೊದಲ ತುತ್ತನ್ನು ತಾನು ತಿನ್ನುತ್ತಾಳೆ. ಗಿರಾಕಿಗಳು ನಗುತ್ತಾರೆ. ಆ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ನನಗೆ ವಿಷವಾದದ್ದು ಅವಳಿಗೆ ಏನೂ ಮಾಡುವುದಿಲ್ಲ. ಉಳ್ಳಾಗಡ್ಡಿಯನ್ನು ಅವಳು ಜೀವಮಾನವೆಲ್ಲ ತಿಂದಿದ್ದಾಳೆ. ಇದು ಅವಳಿಗೂ ಗೊತ್ತು. ಆದರೂ ಅವಳು ಅಗಿದು, ನುಂಗಿ, ಸ್ವಲ್ಪ ಕಾದು, ತನ್ನ ಕೈಯನ್ನೊಮ್ಮೆ ನೋಡಿಕೊಳ್ಳುವವರೆಗೆ ನಾನು ತಟ್ಟೆಗೆ ಬಾಯಿ ಹಾಕುವುದಿಲ್ಲ.